ಕಾರ್ಖಾನೆ ನಿಂತ ಊರಲ್ಲಿ ಕಾಲೇಜು ಹುಡುಗರ ಕೆಲಸ: ಭದ್ರಾವತಿಯಿಂದ ಒಂದು ಮಾರ್ಗದರ್ಶಿ

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಒಂದು ಜೂನ್ 5ರಂದು, ಪರಿಸರ ದಿನ, ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಗುಂಪು ಭದ್ರಾವತಿಯ ಒಂದು ಬೀದಿಯಲ್ಲಿ ನಲವತ್ತು ಗಿಡ ನೆಟ್ಟಿತು. ಬ್ಯಾನರ್ ಇತ್ತು, ಭಾಷಣ ಇತ್ತು, ಕೊನೆಗೆ ಉಪ್ಪಿಟ್ಟೂ ಇತ್ತು. ಮುಂದಿನ ಮಾರ್ಚ್‌ಗೆ ಹೋಗಿ ನೋಡಿದರೆ ಉಳಿದದ್ದು ಮೂರೇ ಮೂರು. ಮೂರೂ ಒಬ್ಬ ಅಜ್ಜಿಯ ಮನೆ ಮುಂದೆ ಇದ್ದವು. ಪಾತ್ರೆ ತೊಳೆದ ನೀರನ್ನು ದಿನಾ ಅವುಗಳ ಬುಡಕ್ಕೆ ಸುರಿಯುತ್ತಿದ್ದರಂತೆ. ಮಿಕ್ಕವನ್ನು ಯಾಕೆ ಯಾರೂ ನೋಡಲಿಲ್ಲ ಅಂತ ಕೇಳಿದೆವು. "ನೀವು ನೆಟ್ಟು ಹೋದ್ರಿ. ಯಾರ ಗಿಡ ಅಂತ ಯಾರಿಗೂ ಹೇಳ್ಲೇ ಇಲ್ವಲ್ಲ ಮಗಾ" ಅಂದರು.

ಆಮೇಲೆ ಮಾಡಿದ ಕೆಲಸಗಳಲ್ಲಿ ನಿಂತದ್ದೂ ಇದೆ, ಬಿದ್ದದ್ದೂ ಇದೆ. ಪ್ರತಿ ಸಲ ತಿರುಗಿ ನೋಡಿದಾಗಲೂ ಅಜ್ಜಿಯ ಮಾತೇ ಕಾರಣವಾಗಿತ್ತು. ನಾವು ಹೋದ ಮೇಲೆ ಇದು ಯಾರದ್ದು ಅಂತ ಮೊದಲೇ ಗೊತ್ತಿದ್ದ ಕೆಲಸ ಉಳಿಯಿತು. ಗೊತ್ತಿಲ್ಲದ್ದು ಒಣಗಿತು.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಹಳೆಯ ಬೆಂಕಿಪುರವೇ ಇವತ್ತಿನ ಭದ್ರಾವತಿ. 1918ರಲ್ಲಿ ಮೈಸೂರು ಸರ್ಕಾರ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರು ಮಾಡಿತು. ಅದರ ಹಿಂದೆ ಇದ್ದವರು ವಿಶ್ವೇಶ್ವರಯ್ಯ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕುಲುಮೆಗೆ ಸುತ್ತಲಿನ ಕಾಡಿನ ಇದ್ದಿಲು. 1936ರಲ್ಲಿ ಕಾಗದದ ಕಾರ್ಖಾನೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಹುಟ್ಟಿತು. ಕೆಲಸ ಹುಡುಕಿಕೊಂಡು ಎಲ್ಲ ಕಡೆಯಿಂದ ಜನ ಬಂದರು. ಹಾಗಾಗಿಯೇ ಇಲ್ಲಿನ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಎಲ್ಲ ಕೇಳುತ್ತದೆ. ಸುಮಾರು ಹತ್ತು ವರ್ಷದ ಹಿಂದೆ ಎಂಪಿಎಂನ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆ, ಅಂದರೆ ಇವತ್ತಿನ ವಿಐಎಸ್‌ಎಲ್ ಅನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಅದರ ಬಾರ್ ಮಿಲ್ (ಸರಳು ಮಾಡುವ ಘಟಕ) ಮತ್ತೆ ತಿರುಗಿತು. ಆದರೆ ಊರಿನ ಎದೆಬಡಿತ ಇನ್ನೂ ಸರಿಹೋಗಿಲ್ಲ. ಕಾರ್ಖಾನೆಯ ಕ್ವಾರ್ಟರ್ಸ್ ಕಡೆ ಒಂದು ಸುತ್ತು ಹಾಕಿ, ಬೀಗ ಹಾಕಿದ ಮನೆ ಎಣಿಸಿ, ಗೊತ್ತಾಗುತ್ತದೆ.

ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಊರಲ್ಲೂ ಪಕ್ಕದ ಶಿವಮೊಗ್ಗದಲ್ಲೂ ಕಾಲೇಜುಗಳಿವೆ. ಅಂದರೆ ಕೈಗಳಿಗೆ ಬರವಿಲ್ಲ. ಆ ಕೈಗಳನ್ನು ಎಲ್ಲಿಗೆ ಹಚ್ಚಬೇಕು ಅನ್ನೋದಕ್ಕೆ ಈ ಬರಹ. ಬೇರೆ ಊರಿನವರು ಹೆಸರು ಬದಲಿಸಿಕೊಂಡು ಓದಬಹುದು.

ಹಂತ 1: ಗುಂಪು ಚಿಕ್ಕದಿರಲಿ

ಎನ್‌ಎಸ್‌ಎಸ್ 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ, ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಶಿಬಿರ ಅಂದ ಕೂಡಲೇ ಎಲ್ಲರೂ ಹಳ್ಳಿಗೆ ಹೊರಡುತ್ತಾರೆ. ಕಾಲೇಜಿನ ಹಿಂದಿನ ಬೀದಿ ನೆನಪಾಗೋದೇ ಇಲ್ಲ. ಆ 120 ಗಂಟೆಯನ್ನು ಊರೊಳಗೇ, ಒಂದೇ ವಾರ್ಡ್‌ನಲ್ಲಿ ಖರ್ಚು ಮಾಡಿ. ವಾರಕ್ಕೆ ಮೂರು ಗಂಟೆಯಂತೆ ನಲವತ್ತು ವಾರ. ಲೆಕ್ಕ ಸರಿಹೋಗುತ್ತದೆ, ಅಲ್ವಾ?

ಒಂದು ವಾರ್ಡ್‌ಗೆ ಎಂಟರಿಂದ ಹನ್ನೆರಡು ಜನ ಸಾಕು. ನೂರು ಜನ ಬಂದರೆ ಅದು ಜಾತ್ರೆ. ಗುಂಪಿನಲ್ಲಿ ಆ ಏರಿಯಾದವರೇ ಒಬ್ಬರಾದರೂ ಇರಲಿ, ಉರ್ದು ಅಥವಾ ತಮಿಳು ಬಲ್ಲವರೊಬ್ಬರು ಇರಲಿ. ಹುಡುಗಿಯರು ಅರ್ಧದಷ್ಟಾದರೂ ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತು ಎಷ್ಟೋ ಮನೆಗಳ ಬಾಗಿಲು ತೆರೆಯೋದಿಲ್ಲ. ಕಾರ್ಯಕ್ರಮಾಧಿಕಾರಿಗಳಿಗೆ ಮೊದಲೇ ತಿಳಿಸಿ, ಹಾಜರಿ ಪುಸ್ತಕ ಇಡಿ. ಸರ್ಟಿಫಿಕೇಟ್ ಬೇಡ ಅಂತ ಈಗ ಅನ್ನುತ್ತೀರಿ, ಎಂಎ ಸೀಟಿನ ಹೊತ್ತಿಗೆ ಹುಡುಕುತ್ತೀರಿ.

ಹಂತ 2: ಬರಿಗೈಲಿ ಓಡಾಡಿ

ಮೊದಲ ಮೂರು ವಾರ ಯಾವ ಕೆಲಸವನ್ನೂ ಮಾಡಬೇಡಿ. ಸುಮ್ನೆ ನಡೆಯಿರಿ. ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಏಳರ ಮೇಲೆ ಒಂದು ಸಲ. ಬೆಳಗ್ಗೆ ಕಸದ ಗಾಡಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲೋದಿಲ್ಲ ಅಂತ ಗೊತ್ತಾಗುತ್ತದೆ. ಸಂಜೆ ಯಾವ ಕಂಬದ ದೀಪ ಹತ್ತೋದಿಲ್ಲ ಅಂತ ಗೊತ್ತಾಗುತ್ತದೆ.

ಪ್ರಶ್ನಾವಳಿ ಹಿಡಿದುಕೊಂಡು ಹೋಗಬೇಡಿ. ನಾವು ಹಾಗೆ ಹೋಗಿದ್ದೆವು. ಜಗಲಿ ಮೇಲೆ ಕೂತಿದ್ದ ಒಬ್ಬ ನಿವೃತ್ತ ಫಿಟ್ಟರ್ ನಮ್ಮ ಕೈಲಿದ್ದ ಪ್ಯಾಡ್ ನೋಡಿ, "ಸರ್ವೇನಾ? ಕಾರ್ಖಾನೆ ನಿಂತಾಗಿಂದ ಬರೀ ಸರ್ವೇನೇ ನೋಡ್ತಾ ಇದ್ದೀವಿ. ಕೂತ್ಕಳ್ರಪ್ಪ, ನೀರು ಕುಡೀರಿ, ಬರ್ಕಂಡು ಹೋಗ್ರಿ" ಅಂದರು. ಮನೆ ಮುಂದೆ ಯಾವ ಕಾಲದಿಂದಲೋ ಸೋರುತ್ತಿದ್ದ ಬೀದಿ ನಲ್ಲಿಯನ್ನು ಅವರೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ನಿಲ್ಲಿಸಿದ್ದರು. ನಮ್ಮ ನಮೂನೆಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಇದನ್ನು ಮರೆಯಬೇಡಿ. ಇದು ಕೆಲಸ ಕಳೆದುಕೊಂಡ ಊರು, ಕೆಲಸ ಬಾರದ ಊರಲ್ಲ. ಇಲ್ಲಿ ಬೀದಿಗೊಬ್ಬ ವೆಲ್ಡರ್, ಎಲೆಕ್ಟ್ರಿಷಿಯನ್, ಟರ್ನರ್ ಸಿಗುತ್ತಾರೆ. ನೀವು ಕಲಿಸಲು ಹೋಗುತ್ತಿಲ್ಲ, ಎಟಕದ ಕಡೆ ಏಣಿ ಹಿಡಿಯಲು ಹೋಗುತ್ತಿದ್ದೀರಿ.

ಕೇಳಬೇಕಾದ್ದು ಎರಡೇ ಪ್ರಶ್ನೆ. "ಇಲ್ಲಿ ನಿಮಗೆ ದಿನಾ ಕಿರಿಕಿರಿ ಮಾಡೋದು ಯಾವುದು?" ಮತ್ತು "ಅದನ್ನ ಸರಿಮಾಡೋಕೆ ಮುಂಚೆ ಯಾರಾದ್ರೂ ನೋಡಿದ್ರಾ?" ಎರಡನೆಯದೇ ಮುಖ್ಯ. ಮುಂಚೆ ನೋಡಿದವರ ಹೆಸರು ಬರೆದುಕೊಳ್ಳಿ. ನಾಳೆ ಕೆಲಸಕ್ಕೆ ಕೈ ಹಚ್ಚೋರು ಅವರೇ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಚಿಲ್ಲರೆ ಅಂಗಡಿಯವರು, ಪೌರಕಾರ್ಮಿಕರು, ಈ ನಾಲ್ವರ ಹತ್ತಿರ ಮಾತಾಡಿದರೆ ವಾರ್ಡ್‌ನ ಮುಕ್ಕಾಲು ಕಥೆ ಸಿಗುತ್ತದೆ.

ಹಂತ 3: ಒಂದೇ ಕೆಲಸ ಆರಿಸಿ, ಪತ್ರ ಕೊಡಿ

ಪಟ್ಟಿ ಉದ್ದ ಆಗುತ್ತದೆ. ಚರಂಡಿ, ರಸ್ತೆ, ನೀರು, ಕುಡಿತ, ಕೆಲಸವಿಲ್ಲದ ಮಕ್ಕಳು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ಕೈಲಿ ಆಗುವಂಥದ್ದಲ್ಲ, ಹಾಗಂತ ಬಾಯಿಬಿಟ್ಟು ಹೇಳಿ. ಚರಂಡಿ ಮಾಡಿಸಿಕೊಡ್ತೀವಿ ಅಂತ ಮಾತು ಕೊಟ್ಟು ಬಂದರೆ ಎರಡನೇ ಸಲ ಆ ಬೀದಿಗೆ ಕಾಲಿಡೋಕಾಗೋದಿಲ್ಲ. ಆರಿಸುವ ಕೆಲಸ ಒಂದು ಸೆಮಿಸ್ಟರ್‌ನಲ್ಲಿ ಮುಗಿಯಬೇಕು, ದೊಡ್ಡ ದುಡ್ಡು ಬೇಡದಿರಬೇಕು, ಆಮೇಲೆ ನೋಡಿಕೊಳ್ಳುವವರ ಹೆಸರು ಈಗಲೇ ಹೇಳಲು ಬರಬೇಕು. ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಕೆಲಸ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿ ಕಂಡರೂ.

ರಸ್ತೆ, ಪಾರ್ಕು, ಖಾಲಿ ನಿವೇಶನದ ಕೆಲಸವಾದರೆ ನಗರಸಭೆಯ ಪೌರಾಯುಕ್ತರಿಗೆ ಪತ್ರ. ಶಾಲೆಯಾದರೆ ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿಗೆ (ಶಾಲೆಯ ಮೇಲುಸ್ತುವಾರಿ ಸಮಿತಿ). ಕಾರ್ಖಾನೆಯ ಜಾಗವಾದರೆ ಅವರ ಕಚೇರಿಗೆ. ಭದ್ರಾವತಿಯಲ್ಲಿ ಯಾವ ಜಾಗ ನಗರಸಭೆಯದ್ದು, ಯಾವುದು ಕಾರ್ಖಾನೆಯದ್ದು ಅನ್ನೋದು ನೋಡಿದರೆ ಗೊತ್ತಾಗೋದಿಲ್ಲ, ವಿಚಾರಿಸಿಯೇ ಗುದ್ದಲಿ ಎತ್ತಿ. ಪತ್ರ ಒಂದೇ ಪುಟ ಇರಲಿ: ಏನು ಮಾಡುತ್ತೀರಿ, ಎಲ್ಲಿ, ಯಾವ ದಿನ, ಎಷ್ಟು ಜನ, ಅವರಿಂದ ಏನು ಬೇಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ವಾರ್ಡ್ ಸದಸ್ಯರನ್ನು ಕಂಡು ಒಂದು ಮಾತು ಹೇಳಿ. ಎದುರು ಪಕ್ಷದವರಿಗೂ ಅದೇ ದಿನ ಹೇಳಿ, ಆಗ ಯಾರಿಗೂ ಮುನಿಸಿರೋದಿಲ್ಲ.

ಮೊದಲ ಕೆಲಸ: ಪಿಂಚಣಿದಾರರ ಜೀವನ ಪ್ರಮಾಣ ಪತ್ರ

ಹೊಸ ಗುಂಪಿಗೆ ನಾನು ಮೊದಲು ಹೇಳುವ ಕೆಲಸ ಇದು. ಬ್ಯಾನರ್ ಬೇಡ, ಗುದ್ದಲಿ ಬೇಡ, ಫೋನು ಸಾಕು. ಒಂದು ಬೀದಿಯ ನಂಬಿಕೆ ಒಂದೇ ವಾರದಲ್ಲಿ ಸಿಗುತ್ತದೆ.

ಕಾರ್ಖಾನೆಗಳಿಂದ ನಿವೃತ್ತರಾದ ಎಷ್ಟೋ ಜನಕ್ಕೆ ಇಪಿಎಸ್-95, ಅಂದರೆ ಭವಿಷ್ಯನಿಧಿ (ಪಿಎಫ್) ಕಡೆಯ ಪಿಂಚಣಿ ಬರುತ್ತದೆ. ದೊಡ್ಡ ಮೊತ್ತವೇನಲ್ಲ, 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ. ಆದರೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಪ್ರಮಾಣ ಪತ್ರ ಕೊಡದಿದ್ದರೆ ಅದೂ ನಿಲ್ಲುತ್ತದೆ. ನವೆಂಬರ್‌ನಲ್ಲೇ ಕೊಡಬೇಕು ಅಂತ ಜನ ನಂಬಿದ್ದಾರೆ. ಇಪಿಎಸ್‌ನವರಿಗೆ ಹಾಗಿಲ್ಲ. ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

ತೊಂದರೆ ಇರೋದು ಬೆರಳಿನಲ್ಲಿ. ಒಬ್ಬ ಅಜ್ಜ ಮೂವತ್ತು ವರ್ಷ ಕುಲುಮೆ ಪಕ್ಕ ಕೆಲಸ ಮಾಡಿದವರು. ಬೆರಳ ತುದಿ ಉಜ್ಜಿ ಉಜ್ಜಿ ನುಣ್ಣಗೆ, ಹಳೇ ನಾಣ್ಯದ ಹಾಗೆ. ಹೆಬ್ಬೆಟ್ಟು ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. "ಕಾರ್ಖಾನೆ ತಿಂದುಬಿಡ್ತು ನನ್ನ ಬೆರಳನ್ನ" ಅಂತ ನಕ್ಕರು. ಇಂಥವರಿಗೆ ಮುಖ ತೋರಿಸಿ ಮಾಡುವ ದಾರಿಯಿದೆ.

ಬೇಕಾದ್ದು: ಒಳ್ಳೆ ಕ್ಯಾಮೆರಾ ಇರುವ, ತೀರಾ ಹಳೆಯದಲ್ಲದ ಆಂಡ್ರಾಯ್ಡ್ ಫೋನು, ಇಂಟರ್ನೆಟ್ಟು, ಅಜ್ಜನ ಆಧಾರ್ ನಂಬರು, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರು, ಪಿಂಚಣಿ ಬರುವ ಬ್ಯಾಂಕ್ ಖಾತೆಯ ನಂಬರು, ಒಟಿಪಿ ಬರಲು ಅವರ ಅಥವಾ ಮನೆಯವರ ಮೊಬೈಲು. ಪಿಪಿಒ ಕಾಗದ ಸಾಮಾನ್ಯವಾಗಿ ಟ್ರಂಕಿನ ತಳದಲ್ಲಿರುತ್ತದೆ. ಹಿಂದಿನ ದಿನವೇ ಹುಡುಕಿಸಿಡಿ.

ಪ್ಲೇಸ್ಟೋರ್‌ನಿಂದ ಎರಡು ಆಪ್ ಹಾಕಿಕೊಳ್ಳಿ, ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್. ಮೊದಲನೆಯದು ಹಾಕಿದ ಮೇಲೆ ಫೋನಿನಲ್ಲಿ ಕಾಣೋದಿಲ್ಲ, ಹೆದರಬೇಡಿ, ಒಳಗೆ ಕೆಲಸ ಮಾಡುತ್ತಿರುತ್ತದೆ. ಆಮೇಲೆ ಜೀವನ್ ಪ್ರಮಾಣ್ ತೆರೆದು ಆಪರೇಟರ್ ಅಂತ ನಿಮ್ಮನ್ನು ನೋಂದಾಯಿಸಿಕೊಳ್ಳಿ. ನಿಮ್ಮ ಆಧಾರ್, ಮೊಬೈಲ್, ಇಮೇಲ್, ಒಟಿಪಿ, ಕೊನೆಗೆ ನಿಮ್ಮದೇ ಮುಖ. ಇದು ಒಂದೇ ಸಲ. ಒಂದು ಫೋನಿನಲ್ಲಿ ಎಷ್ಟು ಪಿಂಚಣಿದಾರರದ್ದಾದರೂ ಮಾಡಬಹುದು.

ನಂತರ ಅಜ್ಜನ ಸರದಿ. ಆಧಾರ್, ಮೊಬೈಲ್ ಹಾಕಿ, ಒಟಿಪಿ ತುಂಬಿ. ಹೆಸರು, ಪಿಂಚಣಿ ಯಾವ ಬಗೆಯದು, ಮಂಜೂರು ಮಾಡಿದವರು ಯಾರು, ಪಾವತಿ ಯಾರಿಂದ, ಪಿಪಿಒ, ಖಾತೆ ನಂಬರು. ಇಪಿಎಸ್‌ನವರಿಗೆ ಇಪಿಎಫ್‌ಒ (ಭವಿಷ್ಯನಿಧಿ ಸಂಸ್ಥೆ) ಆರಿಸಬೇಕು. ಮತ್ತೆ ಕೆಲಸಕ್ಕೆ ಸೇರಿದ್ದೀರಾ, ಮರುಮದುವೆ ಆಗಿದೆಯಾ ಅಂತಲೂ ಕೇಳುತ್ತದೆ. ಎಪ್ಪತ್ತೆಂಟರ ಅಜ್ಜನಿಗೆ ಮರುಮದುವೆ ಪ್ರಶ್ನೆ ಓದಿ ಹೇಳುವಾಗ ಅಡುಗೆಮನೆಯಿಂದ ಅಜ್ಜಿಯ ಉತ್ತರ ಮೊದಲು ಬರುತ್ತದೆ.

ಕೊನೆಗೆ ಮುಖ. ಜಗಲಿಗೆ ಕರೆತನ್ನಿ, ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಕನ್ನಡಕ, ಟೋಪಿ ತೆಗೆಸಿ. ಆಪ್ ಹೇಳಿದಾಗ ಕಣ್ಣು ಮಿಟುಕಿಸಬೇಕು. ಕಣ್ಣಿನ ಪೊರೆ ಇರುವವರಿಗೆ ಎರಡು ಮೂರು ಸಲ ಬೇಕಾಗಬಹುದು, ಅವಸರ ಮಾಡಬೇಡಿ. ಆದ ಕೂಡಲೇ ಪ್ರಮಾಣ್ ಐಡಿ ಬರುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ಅದನ್ನು, ಮತ್ತು ಮುಂದಿನ ವರ್ಷದ ತಾರೀಖನ್ನು, ದಪ್ಪ ಅಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿ.

ಕಟ್ಟುನಿಟ್ಟು ಕೆಲವಿದೆ. ಆಧಾರ್ ಕಾರ್ಡಿನ ಫೋಟೊ ತೆಗೆಯಬೇಡಿ. ನಂಬರು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಡಿ. ಒಟಿಪಿಯನ್ನು ಮನೆಯವರೇ ಓದಿ ಹೇಳಲಿ. "ಇವತ್ತು ನಮಗೆ ಹೇಳಿದ್ದೀರಿ, ಫೋನಿನಲ್ಲಿ ಯಾರಾದ್ರೂ ಕೇಳಿದ್ರೆ ಹೇಳ್ಬೇಡಿ" ಅಂತ ಹೊರಡುವಾಗ ಹೇಳಿ. ಕೊಟ್ಟ ದುಡ್ಡು ಮುಟ್ಟಬೇಡಿ, ಕೊಟ್ಟ ಕಾಫಿ ಬಿಡಬೇಡಿ. ಸಂಧ್ಯಾ ಸುರಕ್ಷಾ, ವಿಧವಾ ವೇತನದ ತಕರಾರು ಈ ಆಪ್‌ನಲ್ಲಿ ಬಗೆಹರಿಯೋದಿಲ್ಲ. ಅವರನ್ನು ನಾಡಕಚೇರಿಗೆ ಕರೆದುಕೊಂಡು ಹೋಗಬೇಕು.

ಇದು ಮುಂದೆ ಯಾರದ್ದು? ಪ್ರತಿ ಬೀದಿಯಲ್ಲಿ ಪಿಯುಸಿ ಓದುವ ಮೊಮ್ಮಗಳೋ ಮೊಮ್ಮಗನೋ ಇರುತ್ತಾರೆ. ಮೂರನೇ ಅಜ್ಜನ ಹೊತ್ತಿಗೆ ಫೋನು ಅವರ ಕೈಗೆ ಕೊಡಿ, ನೀವು ಪಕ್ಕದಲ್ಲಿ ಕೂರಿ. ಆಪರೇಟರ್ ಹೆಸರು ಮಾತ್ರ ಮನೆಯ ದೊಡ್ಡವರದ್ದಿರಲಿ.

ಮಳೆಗಾಲದ ಭಾನುವಾರ: ಸೊಳ್ಳೆ ಮರಿ ಹುಡುಕೋದು

ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಬ್ಬು ಚರಂಡಿಯದ್ದಲ್ಲ, ಮನೆಯ ಸುತ್ತ ನಿಂತ ತಿಳಿನೀರಿನದ್ದು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಎಲ್ಲ ನೀರು ಚೆಲ್ಲಿದರೆ ಸರಪಳಿ ಕಡಿಯುತ್ತದೆ.

ಆಶಾ ಕಾರ್ಯಕರ್ತೆಯ ಜೊತೆಗೇ ಹೋಗಿ. ಇಬ್ಬಿಬ್ಬರ ಜೋಡಿ, ಒಂದು ಟಾರ್ಚು, ಒಂದು ಬಿಳಿ ತಟ್ಟೆ. ಡ್ರಮ್ಮಿನ ನೀರನ್ನು ತಟ್ಟೆಗೆ ಹಾಕಿ ಬೆಳಕಿಗೆ ಹಿಡಿದರೆ ಮರಿಗಳು ಕೊಂಕಿ ಕೊಂಕಿ ಈಜೋದು ಕಾಣುತ್ತದೆ. ಇದನ್ನು ಮನೆಯ ಮಕ್ಕಳಿಗೆ ತೋರಿಸಿ. ಕರಪತ್ರ ಮಾಡದ ಕೆಲಸವನ್ನು ಆ ತಟ್ಟೆ ಮಾಡುತ್ತದೆ. ನೋಡಬೇಕಾದ ಜಾಗ: ಡ್ರಮ್ಮು, ಸಿಂಟೆಕ್ಸ್ ಮುಚ್ಚಳ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಹಳೇ ಟಯರು, ತೆಂಗಿನ ಚಿಪ್ಪು. ನಮ್ಮ ಕಡೆ ಇನ್ನೆರಡು ಸೇರಿಸಿ. ಹಿತ್ತಲಿಗೆ ಹೊರಟುಹೋದ ಒರಳುಕಲ್ಲು, ಮತ್ತು ದೋಣಿಯ ಹಾಗೆ ಮಳೆನೀರು ಹಿಡಿದುಕೊಂಡು ಬಿದ್ದಿರುವ ಅಡಿಕೆ ಹಾಳೆ.

ಡ್ರಮ್ಮಿನ ನೀರು ಚೆಲ್ಲಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕಾದು ಹಿಡಿದ ನೀರು ಅದು. ಹಳೇ ಪಂಚೆ ಕಟ್ಟಿ ಮುಚ್ಚಿಕೊಡಿ. ನೀರು ಮುಗಿದ ದಿನ ಒಳಗೋಡೆ ತಿಕ್ಕಿ ತೊಳೆಯಲು ಹೇಳಿ, ಮೊಟ್ಟೆ ಅಂಟಿರೋದು ಅಲ್ಲೇ. ಬೀಗ ಹಾಕಿದ ಕ್ವಾರ್ಟರ್ಸ್ ಮತ್ತು ಖಾಲಿ ಸೈಟುಗಳ ಪಟ್ಟಿ ಮಾಡಿ ನಗರಸಭೆಯ ಆರೋಗ್ಯ ನಿರೀಕ್ಷಕರಿಗೆ ಕೊಡಿ. ಕಾಂಪೌಂಡ್ ಹಾರೋದು ನಿಮ್ಮ ಕೆಲಸ ಅಲ್ಲ.

ಶಾಲೆಯ ಗೋಡೆ

ಬಣ್ಣ ಹೊಡೆಯೋದು ಎಲ್ಲರಿಗೂ ಇಷ್ಟ, ಅದಕ್ಕೇ ಜಾಸ್ತಿ ಕೆಡೋದೂ ಅದೇ. ಮಳೆಗಾಲದಲ್ಲಿ ಬ್ರಷ್ಷು ಎತ್ತಲೇಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಗೋಡೆಗೆ ಅಂಗೈ ಒತ್ತಿ, ತಣ್ಣಗೆ ತೇವ ಇದ್ದರೆ ಮೊದಲು ಸೂರು ನೋಡಿ. ಸೋರುವ ಹೆಂಚಿನ ಕೆಳಗೆ ಎಷ್ಟು ಬಣ್ಣ ಹೊಡೆದರೂ ವರ್ಷದಲ್ಲಿ ಹಪ್ಪಳ ಏಳುತ್ತದೆ.

ಲೆಕ್ಕ ಹೀಗೆ. 20 ಅಡಿಗೆ 15 ಅಡಿಯ ಕೋಣೆ, 10 ಅಡಿ ಎತ್ತರ. ಸುತ್ತಳತೆ 70 ಅಡಿ, ಗೋಡೆ 700 ಚದರಡಿ. ಬಾಗಿಲು, ಕಿಟಕಿ, ಬೋರ್ಡಿಗೆ 100 ಕಳೆದರೆ 600. ಲೀಟರಿಗೆ ಒಂದು ಕೋಟು 100 ಚದರಡಿ ಅಂತ ಇಟ್ಟುಕೊಂಡರೆ ಪ್ರೈಮರ್ 6 ಲೀಟರು, ಎರಡು ಕೋಟಿಗೆ ಬಣ್ಣ 12 ಲೀಟರು. ಸುಣ್ಣದ ಒರಟು ಗೋಡೆ ಜಾಸ್ತಿ ಕುಡಿಯುತ್ತದೆ, ಎರಡು ಲೀಟರು ಕೈಯಲ್ಲಿರಲಿ. ಹಳೇ ಸುಣ್ಣ ಕೆರೆಯೋದು, ಎಮರಿ ಪೇಪರ್ ಉಜ್ಜೋದು, ಧೂಳು ಒರೆಸೋದು ಒಂದಿಡೀ ದಿನ ಹಿಡಿಯುತ್ತದೆ. ಆ ದಿನ ಅರ್ಧ ಹುಡುಗರು ಬರೋದಿಲ್ಲ. ಬಂದವರ ಹೆಸರು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷದ ಲೀಡರ್‌ಗಳು ಅವರೇ. ಕೆಳಗಿನ ಮೂರಡಿಗೆ ಗಾಢ ಬಣ್ಣ ಇರಲಿ, ಮಕ್ಕಳು ಒರಗಿ ಕೂರುವ ಜಾಗ.

ಬಣ್ಣಕ್ಕಿಂತ ನಲ್ಲಿ, ಫ್ಯಾನು, ಬೆಂಚು ಮೊದಲು ಅಂತ ನನ್ನ ಅನಿಸಿಕೆ. ಸೈಕಲ್ ಟ್ಯೂಬಿನ ಆ ಫಿಟ್ಟರ್ ಅವರನ್ನು ನಾವು ಶಾಲೆಗೆ ಕರೆದೆವು. ಬರೋದಿಲ್ಲ ಅಂದವರು ಮಾರನೇ ದಿನ ತಮ್ಮದೇ ಪೈಪ್ ರೆಂಚ್ ಹಿಡಿದು ಬಂದರು. ಇಬ್ಬರು ಹುಡುಗರನ್ನು ಪಕ್ಕ ಕೂರಿಸಿಕೊಂಡು, ನಲ್ಲಿಯ ಸುರುಳಿಗೆ ದಾರ ಯಾವ ದಿಕ್ಕಿಗೆ ಸುತ್ತಬೇಕು ಅಂತ ತೋರಿಸಿದರು. "ನೀನು ತಿರುಗಿಸೋ ಕಡೆಗೇ ಸುತ್ತು, ಇಲ್ಲಾಂದ್ರೆ ಬಿಚ್ಕಣುತ್ತೆ." ಆ ಶಾಲೆಯ ನಲ್ಲಿ ಕೆಟ್ಟರೆ ಈಗ ಹೆಡ್‌ಮಾಸ್ಟರು ನಮಗೆ ಫೋನ್ ಮಾಡೋದಿಲ್ಲ, ಅವರಿಗೇ ಮಾಡುತ್ತಾರೆ.

ಗಿಡ ನೆಡಲೇಬೇಕಾ?

ನೆಡಿ, ಆದರೆ ಮನೆಯವರು ಕೇಳಿದರೆ ಮಾತ್ರ. ಎರಡಡಿ ಅಗಲ, ಎರಡಡಿ ಆಳದ ಗುಂಡಿ, ಒಂದು ಮಳೆ ಬಿದ್ದ ಮೇಲೆ. ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಿಗುತ್ತದೆ. ಹೊಂಗೆ ಒಳ್ಳೆಯದು, ಆಡು ಅಷ್ಟಾಗಿ ಬಾಯಿ ಹಾಕೋದಿಲ್ಲ. ಕರೆಂಟು ತಂತಿ ಮೇಲಿದೆಯಾ ನೋಡಿ. ಬೇಲಿ ಕಟ್ಟಿ. ಗುಂಡಿಯನ್ನು ಆ ಮನೆಯವರ ಕೈಲೇ ಮುಚ್ಚಿಸಿ.

ಇದಕ್ಕೆ ಮಾತ್ರ ಇಳಿಯಬೇಡಿ

ತೆರೆದ ಚರಂಡಿ, ಮ್ಯಾನ್‌ಹೋಲ್, ಶೌಚಗುಂಡಿ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲ್, ಶೌಚಗುಂಡಿಗೆ ಇಳಿಸೋದು 2013ರ ಕಾಯ್ದೆಯಡಿ ಅಪರಾಧ. ಉತ್ಸಾಹದಲ್ಲಿ ನೀವೇ ಇಳಿದರೂ ಒಳಗಿರೋದು ಅದೇ ವಿಷಗಾಳಿ. ಕಾಲಿನ ಸಣ್ಣ ಗಾಯದಿಂದ ಇಲಿಜ್ವರ ಹತ್ತುತ್ತದೆ. ನಿಂತ ನೀರಿನ ಹತ್ತಿರ ಕೆಲಸವಿದ್ದರೆ ಗಂಬೂಟು, ದಪ್ಪ ಗ್ಲೌಸು ಬೇಕೇ ಬೇಕು. ಕಸ ಎತ್ತುವಾಗ ಬರಿಗೈ ಬೇಡ, ಸೂಜಿ ಬ್ಲೇಡು ಇರುತ್ತದೆ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿರಿ ಅಂತ ಮೊದಲೇ ಎಲ್ಲರನ್ನೂ ಕೇಳಿ. ಮುಚ್ಚಿದ ಕಾರ್ಖಾನೆಯ ಕಟ್ಟಡದೊಳಗೆ ರೀಲ್ ಮಾಡಲು ಹೋಗಬೇಡಿ.

ಫೋಟೊ ವಿಷಯ. ಕೆಲಸದ ಫೋಟೊ ತೆಗೆಯಿರಿ, ಕಷ್ಟದ ಫೋಟೊ ಬೇಡ. ಗೌರವದಿಂದ ಬದುಕಿದ ಕಾರ್ಮಿಕರ ಊರಿದು. ಅಕ್ಕಿ ಚೀಲ ಕೈಗೆ ಕೊಟ್ಟು ಕ್ಯಾಮೆರಾ ನೋಡಿ ಅಂದರೆ ಚೀಲ ವಾಪಸ್ ಬರುತ್ತದೆ, ಬರಬೇಕಾದ್ದೇ.

ದುಡ್ಡು

ಗೋಡೆ ಕೆಲಸ ಬಿಟ್ಟರೆ ಖರ್ಚು ಕಮ್ಮಿ. ನಗದು ದೇಣಿಗೆ ತೆಗೆದುಕೊಳ್ಳಬೇಡಿ, ಸಾಮಾನು ಕೇಳಿ. ಬಣ್ಣದ ಅಂಗಡಿಯವರು ಎರಡು ಡಬ್ಬ, ಹಾರ್ಡ್‌ವೇರ್‌ನವರು ನಾಲ್ಕು ಬ್ರಷ್ಷು, ಮಧ್ಯಾಹ್ನದ ಊಟ ಬೀದಿಯವರದ್ದು. ಗುದ್ದಲಿ, ಬಾಣಲಿ, ಏಣಿ ಎರವಲು ತನ್ನಿ. ರಸೀದಿಗಳನ್ನು ಒಂದೇ ಕವರಿನಲ್ಲಿಟ್ಟು, ಕೆಲಸ ಮುಗಿದ ದಿನ ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿಗೋ ಅಂಗಡಿ ಬಾಗಿಲಿಗೋ ಅಂಟಿಸಿ. ಮೂವತ್ತು ರೂಪಾಯಿ ಉಳಿದಿದ್ದರೂ ಬರೆಯಿರಿ.

ಕೊನೆಯ ಹಂತ: ಪುಸ್ತಕ ದಾಟಿಸೋದು

ನೀವು ಮೂರು ವರ್ಷಕ್ಕೆ ಹೊರಟುಹೋಗುತ್ತೀರಿ. ಹೊಸಬರು ಮತ್ತೆ ಪ್ಯಾಡ್ ಹಿಡಿದು ಅದೇ ಜಗಲಿಗೆ ಹೋಗಬಾರದು ಅಂದರೆ ಇನ್ನೂರು ಪುಟದ ಒಂದು ನೋಟ್‌ಬುಕ್ ಬೇಕು. ವಾಟ್ಸಾಪ್ ಗ್ರೂಪ್ ಸಾಲದು, ಫೋನ್ ಬದಲಾದರೆ ಅದೂ ಹೋಯಿತು. ಪುಸ್ತಕದಲ್ಲಿ ಬೀದಿಗೊಂದು ಪುಟ. ಯಾರು ಯಾವುದಕ್ಕೆ ಒಪ್ಪಿಕೊಂಡಿದ್ದಾರೆ, ಯಾವ ಮಾತು ಕೊಟ್ಟು ಇನ್ನೂ ಮಾಡಿಲ್ಲ, ಯಾವ ಮನೆಯಲ್ಲಿ ನಾಯಿ ಇದೆ, ಯಾರಿಗೆ ಯಾರ ಮೇಲೆ ಕೋಪ, ಯಾವ ಕಚೇರಿಗೆ ಯಾವ ತಾರೀಖು ಪತ್ರ ಕೊಟ್ಟಿದ್ದು. ಏಪ್ರಿಲ್‌ನಲ್ಲಿ, ಪರೀಕ್ಷೆಗೆ ಮುಂಚೆ, ಹೊಸ ಲೀಡರ್ ಜೊತೆ ಒಂದು ಸಂಜೆ ಎಲ್ಲ ಪುಟಗಳ ಬೀದಿಯಲ್ಲೂ ನಡೆಯಿರಿ. ಪ್ರತಿ ಬಾಗಿಲಲ್ಲಿ ನಿಂತು, "ಇನ್ಮೇಲೆ ಇವಳು ಬರ್ತಾಳೆ ಅಮ್ಮ" ಅಂತ ಹೇಳಿ. ಎರವಲು ತಂದ ಏಣಿ ಯಾರ ಮನೆಯದ್ದು ಅಂತಲೂ ಬರೆದಿಡಿ. ನಮ್ಮದೊಂದು ಇನ್ನೂ ವಾಪಸ್ ಹೋಗಿಲ್ಲ.